ಕಳಿಸುವುದೇ ಕಲಿಸುವುದಲ್ಲ

(ರಿಚರ್ಡ್ಸ್ ಟೌನಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಶಿಕ್ಷಣದ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ಕನ್ನಡದಲ್ಲಿ ಆಗಬೇಕು, ಅದೂ ಬೆಂಗಳೂರು ದಂಡಿನ (ಕಂಟೋನ್ಮೆಂಟಿನ) ಈ ಭಾಗದಲ್ಲೇ ಆಗಬೇಕು ಎಂಬುದು ದತ್ತಿದಾನಿಗಳ ಇಚ್ಛೆ ಎಂದು ಸಂಘಟಕರು ತಿಳಿಸಿದರು. ಈ ಸುತ್ತಿನಲ್ಲೇ ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದ ನನಗೆ ಆ ಇಚ್ಛೆಯ ಬೆಲೆ ಗೊತ್ತು. 1949ರವರೆಗೆ ದಂಡಿಗೂ ಪೇಟೆಗೂ ಬೇರೆ ಬೇರೆ ಆಡಳಿತವಿತ್ತು. ಆಡಳಿತ ಒಂದಾದ ಮೇಲೂ ಬೀದಿಗಳ ಭಾಷೆ ಒಂದಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಪಾಟರಿ ರಸ್ತೆಯಿಂದ ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯವರೆಗೆ ನಡೆದು ಹೋದರೆ ತಮಿಳು, ದಖನಿ, ಇಂಗ್ಲಿಷ್, ಮಲಯಾಳ, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ನನ್ನ ತರಗತಿಯೂ ಹಾಗೇ ಇತ್ತು. ಶಿವಾಜಿನಗರದ ಹುಡುಗಿ, ಲಿಂಗರಾಜಪುರದ ಹುಡುಗ, ಯಾದಗಿರಿಯಿಂದ ಬಂದು ಪಿಜಿಯಲ್ಲಿ ಉಳಿದ ಇನ್ನೊಬ್ಬ, ಎಲ್ಲರೂ ಒಂದೇ ಬೆಂಚಿನ ಮೇಲೆ.

ನಾನು ಇವತ್ತು ಮಾತಾಡಲು ಆರಿಸಿಕೊಂಡ ವಿಷಯ ಈ ಮಕ್ಕಳ ಕೈಯಲ್ಲೇ ಇದೆ. ಪದವಿ ವಿದ್ಯಾರ್ಥಿಗಳು ಫೋನಿನಲ್ಲಿ ಪರಸ್ಪರ ಹೇಗೆ ಮಾತಾಡಿಕೊಳ್ಳುತ್ತಾರೆ, ಅದಕ್ಕೂ ಅವರ ಕಲಿಕೆಗೂ ಏನು ಸಂಬಂಧ?

ರಿಚರ್ಡ್ಸ್ ಪಾರ್ಕಿನಲ್ಲಿ ನಾನು ಸಂಜೆ ನಡೆಯುತ್ತೇನೆ. ಒಂದು ಸಂಜೆ ಬೆಂಚಿನ ಮೇಲೆ ಕೂತಿದ್ದ ಹುಡುಗಿಯೊಬ್ಬಳು ಫೋನನ್ನು ಬಾಯಿಯ ಹತ್ತಿರ ಹಿಡಿದು ಗೆಳತಿಗೆ ವಾಯ್ಸ್ ನೋಟ್ ಕಳಿಸುತ್ತಿದ್ದಳು. "ಮಾರ್ಜಿನಲ್ ಕಾಸ್ಟ್ ಅಂದ್ರೆ ಏನ್ ಗೊತ್ತೇನೆ? ನಿಮ್ಮಮ್ಮ ಐವತ್ತು ಇಡ್ಲಿ ಮಾಡಿದಾರೆ ಅಂದ್ಕೋ. ಐವತ್ತೊಂದನೇ ಇಡ್ಲಿಗೆ ಎಷ್ಟು ಜಾಸ್ತಿ ಖರ್ಚಾಗತ್ತೋ ಅಷ್ಟೇ ಅದು. ಇಡ್ಲಿ ಪಾತ್ರೆ ಮೊದ್ಲೇ ತಂದಾಗಿದೆಯಲ್ಲಾ, ಅದರ ಬೆಲೆ ಇದಕ್ಕೆ ಸೇರಲ್ಲ." ಅಷ್ಟು ಹೇಳಿ ನಿಲ್ಲಿಸಿದಳು. ಒಂದು ಕ್ಷಣ ಯೋಚಿಸಿದಳು. ಮತ್ತೆ ಬಟನ್ ಒತ್ತಿ ಹಿಡಿದು, "ಹಂಗಾದ್ರೆ ಪಾತ್ರೆ ತುಂಬಿ ಇನ್ನೊಂದು ಪಾತ್ರೆ ತರಬೇಕಾದ್ರೆ? ತಾಳು, ನಂಗೂ ಡೌಟು ಬಂತು" ಎಂದಳು.

ಆ ಹುಡುಗಿ ಯಾವ ಕಾಲೇಜಿನವಳೋ ನನಗೆ ಗೊತ್ತಿಲ್ಲ. ಆದರೆ ಅವಳಿಗೆ ಬಂದ ಆ ಡೌಟು ಅರ್ಥಶಾಸ್ತ್ರದ ನಿಜವಾದ ಪ್ರಶ್ನೆ. ಸ್ಥಿರ ವೆಚ್ಚ ಎಲ್ಲಿಯವರೆಗೆ ಸ್ಥಿರ ಎಂಬುದನ್ನು ನಾನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಅವಳು ಅದನ್ನು ಇನ್ನೊಬ್ಬಳಿಗೆ ಹೇಳಲು ಹೊರಟಾಗ ತಾನಾಗಿ ಕಂಡುಕೊಂಡಳು. ಇವತ್ತು ನಾನು ಹೇಳಬೇಕಾದದ್ದೆಲ್ಲ ಆ ಬೆಂಚಿನ ಮೇಲೆ ಇತ್ತು.

ಮ್ಯಾಮ್ ಇರುವ ಗ್ರೂಪ್, ಮ್ಯಾಮ್ ಇಲ್ಲದ ಗ್ರೂಪ್

ಪ್ರತಿ ತರಗತಿಗೂ ಈಗ ಎರಡು ವಾಟ್ಸಾಪ್ ಗ್ರೂಪ್ ಇರುತ್ತವೆ. ಒಂದು ಮ್ಯಾಮ್ ಇರುವ ಗ್ರೂಪ್, ಇನ್ನೊಂದು ಮ್ಯಾಮ್ ಇಲ್ಲದ ಗ್ರೂಪ್. ಈ ಹೆಸರು ನಾನಿಟ್ಟದ್ದಲ್ಲ, ಮಕ್ಕಳು ತಾವೇ ಹೇಳಿದ್ದು.

ಮ್ಯಾಮ್ ಇರುವ ಗ್ರೂಪಿನಲ್ಲಿ ಇಂಟರ್ನಲ್ಸ್ ದಿನಾಂಕ, ಶುಲ್ಕ ಕಟ್ಟಲು ಕೊನೆಯ ದಿನ, ಹಾಜರಾತಿ ಕೊರತೆಯವರ ಪಟ್ಟಿ, ಘಟಕವಾರು ಪಿಡಿಎಫ್‌ಗಳು ಬರುತ್ತವೆ. ಕೆಳಗೆ ಸಾಲಾಗಿ "ಓಕೆ ಮ್ಯಾಮ್", "ಥ್ಯಾಂಕ್ಯೂ ಮ್ಯಾಮ್", ಹೆಬ್ಬೆರಳಿನ ಗುರುತು. ಪರೀಕ್ಷೆ ಹತ್ತಿರ ಬಂದಾಗ ಒಂದೇ ಒಂದು ಪ್ರಶ್ನೆ: "ಮ್ಯಾಮ್, ಇಂಪಾರ್ಟೆಂಟ್ ಕ್ವೆಶ್ಚನ್ಸ್ ಕಳಿಸಿ." ವರ್ಷವಿಡೀ ಪಾಠದ ಬಗ್ಗೆ ಒಂದು ಅನುಮಾನವೂ ಅಲ್ಲಿ ಹುಟ್ಟುವುದಿಲ್ಲ.

ಮ್ಯಾಮ್ ಇಲ್ಲದ ಗ್ರೂಪಿನಲ್ಲಿ ಗಲಾಟೆಯಿದೆ, ರೀಲ್ಸ್ ಇದೆ, ಕ್ರಿಕೆಟ್ ಇದೆ. ಆದರೆ ರಾತ್ರಿ ಹತ್ತರ ನಂತರ, ಮರುದಿನ ಟೆಸ್ಟ್ ಇದ್ದಾಗ, ಕಲಿಕೆಯೂ ಅಲ್ಲೇ ಇದೆ. "ಎರಡನೇ ಲೆಕ್ಕ ಯಾರಿಗಾದ್ರೂ ಬಂತಾ?" ಎಂದು ಒಬ್ಬ ಕೇಳುತ್ತಾನೆ. ಇನ್ನೊಬ್ಬಳು ನೋಟ್‌ಬುಕ್ಕಿನ ಪುಟದ ಫೋಟೊ ಹಾಕುತ್ತಾಳೆ. ಮೂರನೆಯವನು "ಮೂರನೇ ಸ್ಟೆಪ್ ಹೆಂಗ್ ಬಂತು?" ಎನ್ನುತ್ತಾನೆ. ಅಲ್ಲಿ ಯಾರೂ ಇಂಗ್ಲಿಷಿನ ವ್ಯಾಕರಣಕ್ಕೆ ಹೆದರುವುದಿಲ್ಲ. ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ, ನಡುವೆ ದಖನಿ ಬರುತ್ತದೆ, ತಮಿಳು ಬರುತ್ತದೆ.

ನಾವು ಅಧ್ಯಾಪಕರು ಮೊದಲ ಗ್ರೂಪನ್ನು ಮಾತ್ರ ನೋಡಿ "ಈಗಿನ ಮಕ್ಕಳಿಗೆ ಕುತೂಹಲವೇ ಇಲ್ಲ" ಎಂದುಬಿಡುತ್ತೇವೆ. ತಂದೆತಾಯಿ ಎರಡನೆಯದನ್ನು ದೂರದಿಂದ ನೋಡಿ "ಯಾವಾಗ ನೋಡಿದರೂ ಫೋನು" ಎನ್ನುತ್ತಾರೆ. ಎರಡೂ ಅರ್ಧ ಸತ್ಯ. ಕುತೂಹಲ ಸತ್ತಿಲ್ಲ. ನಾವು ಇಲ್ಲದ ಕಡೆಗೆ ಅದು ಮನೆ ಬದಲಾಯಿಸಿದೆ.

ಅದು ಯಾಕೆ ಹೋಯಿತು ಎಂಬುದಕ್ಕೆ ನನ್ನದೇ ಒಂದು ತಪ್ಪನ್ನು ಹೇಳಬೇಕು. ಒಮ್ಮೆ ಒಬ್ಬ ಹುಡುಗ ಗ್ರೂಪಿನಲ್ಲಿ ಹಣದುಬ್ಬರದ ಬಗ್ಗೆ ತೀರ ಮೊದಲ ಪಾಠದ ಪ್ರಶ್ನೆ ಕೇಳಿದ. "ಇಷ್ಟು ದಿನ ಕ್ಲಾಸಿನಲ್ಲಿ ಏನು ಮಾಡುತ್ತಿದ್ದೆ?" ಎಂದು ನಾನು ಅಲ್ಲೇ ಬರೆದೆ. ತರಗತಿಯಲ್ಲಿ ಅದೇ ಮಾತು ಹೇಳಿದ್ದರೆ ನನ್ನ ಮುಖದ ನಗು ಅವನಿಗೆ ಕಾಣುತ್ತಿತ್ತು, ಗಂಟೆ ಹೊಡೆದ ಮೇಲೆ ಆ ಮಾತು ಗಾಳಿಗೆ ಹೋಗುತ್ತಿತ್ತು. ಪರದೆಯ ಮೇಲೆ ನಗು ಕಾಣಲಿಲ್ಲ, ಮಾತು ಅಳಿಯಲಿಲ್ಲ. ಅವನು ಮತ್ತೆ ಆ ಗ್ರೂಪಿನಲ್ಲಿ ಏನನ್ನೂ ಕೇಳಲಿಲ್ಲ. ಅವನನ್ನು ನೋಡಿ ಉಳಿದವರೂ ಕೇಳಲಿಲ್ಲ. ಒಂದು ಸಾಲಿನಿಂದ ನಾನು ಒಂದು ಇಡೀ ತರಗತಿಯ ಬಾಯಿ ಕಟ್ಟಿದೆ. ಇದನ್ನು ಇವತ್ತಿಗೂ ಮರೆತಿಲ್ಲ.

ಸಂಶೋಧನೆ ಏನು ಹೇಳುತ್ತದೆ

ಬೆಂಚು, ಗ್ರೂಪು ಇವು ನನ್ನ ಅನುಭವ. ಅನುಭವವನ್ನು ಒರೆಗೆ ಹಚ್ಚಬೇಕು.

ಅಮೆರಿಕದ ರೇನಾಲ್ ಜಂಕೋ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,839 ಕಾಲೇಜು ವಿದ್ಯಾರ್ಥಿಗಳ ಫೇಸ್‌ಬುಕ್ ಅಭ್ಯಾಸವನ್ನು ಅವರ ಅಂಕಗಳ ಪಕ್ಕದಲ್ಲಿಟ್ಟು ನೋಡಿದರು. ಅಲ್ಲಿ ಕಳೆದ ಹೊತ್ತು ಹೆಚ್ಚಿದಂತೆ ಅಂಕ ತುಸು ಕಡಿಮೆ ಇರುವುದು ಕಂಡಿತು. ನಾವೆಲ್ಲ ನಿರೀಕ್ಷಿಸುವುದು ಇದನ್ನೇ. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ, ಆ ಹೊತ್ತಿನಲ್ಲಿ ವಿದ್ಯಾರ್ಥಿ ಏನು ಮಾಡುತ್ತಾನೆ ಎಂದು ಬಿಡಿಸಿ ನೋಡಿದರು. ಮಾಹಿತಿ ಹುಡುಕಿ ಹಂಚಿಕೊಳ್ಳುವ ಅಭ್ಯಾಸ ಒಳ್ಳೆಯ ಅಂಕಗಳ ಜೊತೆ ಕಾಣಿಸಿಕೊಂಡಿತು, ಬರೀ ಹರಟೆಯ ಅಭ್ಯಾಸ ಕಡಿಮೆ ಅಂಕಗಳ ಜೊತೆ. ಇಲ್ಲಿ ಒಂದು ಎಚ್ಚರ ಬೇಕು. ಫೋನಿನಿಂದ ಅಂಕ ಇಳಿಯಿತೋ, ಓದು ಹಿಡಿಸದ ಮಕ್ಕಳು ಫೋನಿಗೆ ಹೋದರೋ ಎಂಬುದನ್ನು ಇಂಥ ಅಧ್ಯಯನ ತೀರ್ಮಾನಿಸಲಾರದು. ಆದರೂ "ಎಷ್ಟು ಹೊತ್ತು" ಎಂಬ ಪ್ರಶ್ನೆಯೊಂದೇ ಸಾಲದು, "ಯಾವ ಮಾತು" ಎಂದೂ ಕೇಳಬೇಕು ಎಂಬುದನ್ನು ಅದು ತೋರಿಸಿಕೊಟ್ಟಿತು.

ಎರಡನೆಯದು ಕೆನಡಾದ ಫರಿಯಾ ಸನಾ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗ. ಪಾಠ ಕೇಳುತ್ತಲೇ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸವನ್ನೂ ಮಾಡಿದವರು ಪಾಠದ ನಂತರದ ಪರೀಕ್ಷೆಯಲ್ಲಿ 11 ಶೇಕಡ ಹಿಂದೆ ಬಿದ್ದರು. ತಾವು ಏನೂ ಮಾಡದೆ, ಪಕ್ಕದವರ ಪರದೆ ಕಣ್ಣಿಗೆ ಬೀಳುವಂತೆ ಕೂತಿದ್ದವರು 17 ಶೇಕಡ ಹಿಂದೆ ಬಿದ್ದರು. ತರಗತಿಯಲ್ಲಿ ಮೇಜಿನ ಕೆಳಗೆ ಸ್ಟೇಟಸ್ ನೋಡುವ ವಿದ್ಯಾರ್ಥಿ ತನ್ನ ನಷ್ಟ ತನಗೆ ಎಂದುಕೊಳ್ಳುತ್ತಾನೆ. ಆ ನಷ್ಟ ಪಕ್ಕದವರಿಗೂ ತಟ್ಟುತ್ತದೆ.

ಮೂರನೆಯದು ನನಗೆ ಅತ್ಯಂತ ಮುಖ್ಯ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಗದ್ಯಭಾಗ ಕೊಟ್ಟರು. ಕೆಲವರು ಅದನ್ನು ಎರಡು ಸಲ ಓದಿದರು. ಉಳಿದವರು ಒಂದು ಸಲ ಓದಿ, ಪುಟ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿತು. ಎರಡು ಸಲ ಓದಿದವರಿಗೆ 42 ಶೇಕಡ ನೆನಪಿತ್ತು, ಓದಿ ಬರೆದವರಿಗೆ 56 ಶೇಕಡ.

ಪರೀಕ್ಷೆಯ ಹಿಂದಿನ ರಾತ್ರಿ ನಮ್ಮ ಗ್ರೂಪಿನಲ್ಲಿ ಹರಿದಾಡುವ ಪಿಡಿಎಫ್‌ಗಳನ್ನು ಇದರ ಜೊತೆಗಿಟ್ಟು ನೋಡಿ. ಪಿಡಿಎಫ್ ಬಂತು, ಡೌನ್‌ಲೋಡ್ ಆಯಿತು, ಇನ್ನಿಬ್ಬರಿಗೆ ಫಾರ್ವರ್ಡ್ ಆಯಿತು. ಮನಸ್ಸಿಗೆ ಸಮಾಧಾನವೂ ಆಯಿತು. ಫೋನಿನಲ್ಲಿ ಇರುವುದು ತಲೆಯಲ್ಲಿ ಇದ್ದಂತೆ ಎಂಬ ಭಾವನೆ ಬಂತು. ಹಿಂದೆ ಝೆರಾಕ್ಸ್ ಅಂಗಡಿಯ ಮುಂದೆ ನಿಂತವರಿಗೂ ಇದೇ ಸಮಾಧಾನ ಸಿಗುತ್ತಿತ್ತು. ಆದರೆ ಆಗ ಪುಟಕ್ಕಿಷ್ಟು ಎಂದು ದುಡ್ಡು ಕೊಡಬೇಕಿತ್ತು, ಹಾಗಾಗಿ ಬೇಕಾದದ್ದನ್ನು ಮಾತ್ರ ಆರಿಸುತ್ತಿದ್ದರು. ಆ ಆಯ್ಕೆಗಾದರೂ ಒಂದಿಷ್ಟು ಓದು ಬೇಕಾಗುತ್ತಿತ್ತು. ಫಾರ್ವರ್ಡಿಗೆ ಅದೂ ಬೇಕಿಲ್ಲ. ಪಾರ್ಕಿನ ಹುಡುಗಿ ಮಾಡಿದ್ದು ಇದಕ್ಕೆ ತದ್ವಿರುದ್ಧ. ಅವಳು ಪುಟ ಮುಚ್ಚಿ, ತನ್ನ ಮಾತಿನಲ್ಲಿ ಹೇಳಿದಳು. ಹೇಳುವಾಗ ತನಗೆ ಎಲ್ಲಿ ಗೊತ್ತಿಲ್ಲ ಎಂಬುದು ಅವಳಿಗೇ ಗೊತ್ತಾಯಿತು.

ಕನ್ನಡದಲ್ಲಿ ಕಳಿಸು ಎಂಬುದಕ್ಕೂ ಕಲಿಸು ಎಂಬುದಕ್ಕೂ ನಡುವೆ ಇರುವುದು ಒಂದೇ ಅಕ್ಷರ. ನಾವು ಅಧ್ಯಾಪಕರು ಕಳಿಸಿ, ಕಲಿಸಿದೆವು ಎಂದುಕೊಂಡಿದ್ದೇವೆ.

ಅಂಚೆಯ ಕಾಲದಿಂದ ಕೊರೊನಾ ಕಾಲದವರೆಗೆ

ಪಾಠವನ್ನು ಕಳಿಸುವುದು ಫೋನಿನಿಂದ ಶುರುವಾದದ್ದಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಮುದ್ರಿತ ಪಾಠಗಳು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು. ಆದರೆ ಆ ವ್ಯವಸ್ಥೆಯನ್ನು ಕಟ್ಟಿದವರು ಬರೀ ಪಾಠ ಕಳಿಸಿ ಕೈತೊಳೆದುಕೊಳ್ಳಲಿಲ್ಲ, ಸಂಪರ್ಕ ತರಗತಿಗಳನ್ನೂ ಇಟ್ಟರು. ಬ್ಯಾಂಕಿನವರು, ಶಾಲಾ ಶಿಕ್ಷಕರು, ಗೃಹಿಣಿಯರು ರಜೆ ಹೊಂದಿಸಿಕೊಂಡು ಬಂದು ಅಲ್ಲಿ ಕೂರುತ್ತಿದ್ದರು. ಸಂಪರ್ಕ ಎಂಬ ಪದವನ್ನು ಗಮನಿಸಿ. ಕಾಗದ ತಲುಪಿದರೆ ಪಾಠ ತಲುಪಿದಂತಲ್ಲ ಎಂಬುದು ಆ ಹಿರಿಯರಿಗೆ ತಿಳಿದಿತ್ತು.

2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದಾಗ ನಮಗೆ ಇದು ಮರೆತುಹೋಯಿತು. ರಾಜ್ಯದಲ್ಲಿ ಪದವಿ ಕಾಲೇಜುಗಳ ಬಾಗಿಲು ಮತ್ತೆ ತೆರೆದದ್ದು ಅದೇ ವರ್ಷ ನವೆಂಬರ್ 17ರಂದು. ಆ ಎಂಟು ತಿಂಗಳು ನಾವು ಕಳಿಸಿದೆವು, ಕಳಿಸಿದೆವು, ಕಳಿಸುತ್ತಲೇ ಇದ್ದೆವು. ದೇಶದ ಸ್ಥಿತಿ ಏನಿತ್ತು? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಇಂಟರ್‌ನೆಟ್ ಸೌಲಭ್ಯವಿದ್ದದ್ದು ಸುಮಾರು 24 ಶೇಕಡ ಮನೆಗಳಿಗೆ; ನಗರಗಳಲ್ಲಿ 42, ಹಳ್ಳಿಗಳಲ್ಲಿ 15. ಊರಿಗೆ ಮರಳಿದ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಸಿಗ್ನಲ್ ಹುಡುಕಿಕೊಂಡು ಮನೆಯ ಮಾಳಿಗೆ ಹತ್ತಿದರು, ಕೆಲವರು ಹೊಲದ ಬದುವಿಗೆ ಹೋದರು. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡುವ ಕಾರ್ಯಕ್ರಮ ಕೈಗೊಂಡಿತು. ಅದು ಬೇಕಾದ ಕೆಲಸವೇ. ಆದರೆ ಟ್ಯಾಬ್ ಕೊಟ್ಟಷ್ಟು ಸುಲಭವಾಗಿ, ಅದರಲ್ಲಿ ಮಾತಾಡುವ ಧೈರ್ಯವನ್ನು ಕೊಡಲು ಬರುವುದಿಲ್ಲ.

ಕಾಲೇಜು ಮತ್ತೆ ತೆರೆದಾಗ ನಾವು ತರಗತಿಗೆ ಮರಳಿದೆವು. ಆದರೆ ಆ ಎಂಟು ತಿಂಗಳ ಅಭ್ಯಾಸ ನಮ್ಮ ಜೊತೆಗೇ ಬಂತು. ನೋಟಿಸ್ ಬೋರ್ಡ್ ಖಾಲಿಯಾಯಿತು, ಎಲ್ಲವೂ ಫೋನಿಗೆ ಬಂತು. "ಓದುವಾಗ ಫೋನ್ ದೂರ ಇಡು" ಎನ್ನುವವರೂ ನಾವೇ, ರಾತ್ರಿ ಹತ್ತಕ್ಕೆ "ನಾಳೆ ಬೆಳಿಗ್ಗೆ ಒಂಬತ್ತರೊಳಗೆ ಅಸೈನ್‌ಮೆಂಟ್ ಕೊಡಬೇಕು" ಎಂದು ಸಂದೇಶ ಹಾಕುವವರೂ ನಾವೇ.

ಯಾರು ಮಾತಾಡುವುದಿಲ್ಲ

ಗ್ರೂಪಿನಲ್ಲಿ ಸುಮ್ಮನಿರುವವರ ಪಟ್ಟಿ ಮಾಡಿದರೆ ನಮ್ಮ ಸಮಾಜದ ನಕ್ಷೆಯೇ ಕಾಣುತ್ತದೆ.

ಮೊದಲನೆಯವರು ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಮಾಧ್ಯಮದ ಬಿ.ಕಾಂ., ಬಿ.ಎಸ್ಸಿ.ಗೆ ಬಂದ ಮಕ್ಕಳು. ನಾನು ಮೊದಲು ಹೇಳಿದ ಯಾದಗಿರಿಯ ಹುಡುಗ ಮೊದಲ ಸೆಮಿಸ್ಟರಿನಲ್ಲಿ ಗ್ರೂಪಿಗೆ ಒಂದೇ ಒಂದು ಸಾಲು ಬರೆಯಲಿಲ್ಲ. ಒಂದು ದಿನ ನನಗೆ ಬೇರೆಯಾಗಿ ವಾಯ್ಸ್ ನೋಟ್ ಕಳಿಸಿದ. ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು ತೊಗರಿ ಬೇಳೆಯ ಬೆಲೆ ಇಟ್ಟುಕೊಂಡು ತನ್ನೂರ ಕನ್ನಡದಲ್ಲಿ ಎಷ್ಟು ಚೆನ್ನಾಗಿ ವಿವರಿಸಿದ್ದ ಎಂದರೆ, ಮರುದಿನ ನಾನು ತರಗತಿಯಲ್ಲಿ ಅದೇ ಉದಾಹರಣೆ ಬಳಸಿದೆ. "ಇದು ಯಾರದೆಂದು ಹೇಳಲಾ?" ಎಂದು ಅವನನ್ನು ಮೊದಲೇ ಕೇಳಿದ್ದೆ. ಒಪ್ಪಿದ. ಅವತ್ತಿನಿಂದ ಅವನು ಗ್ರೂಪಿನಲ್ಲೂ ಮಾತಾಡಿದ. ಅವನಲ್ಲಿ ಕಡಿಮೆ ಇದ್ದದ್ದು ತಿಳಿವಳಿಕೆಯಲ್ಲ. ನಮ್ಮ ಗ್ರೂಪಿನ ಭಾಷೆ ಅವನಿಗೆ ಬಾಗಿಲು ಹಾಕಿತ್ತು.

ಎರಡನೆಯವರು ಹೆಣ್ಣುಮಕ್ಕಳು. ಗ್ರೂಪಿಗೆ ಸೇರಿಸಿದ ಕೂಡಲೇ ಪ್ರತಿಯೊಬ್ಬಳ ನಂಬರು ಎಲ್ಲರಿಗೂ ಕಾಣುತ್ತದೆ. ಪ್ರಶ್ನೆ ಕೇಳಿದ ರಾತ್ರಿಯೇ ಗೊತ್ತಿಲ್ಲದವರಿಂದ "ಹಾಯ್" ಬರುತ್ತದೆ. ಫೋನು ಅಣ್ಣನದ್ದೋ ಅಪ್ಪನದ್ದೋ ಆಗಿದ್ದರೆ ಮನೆಯಲ್ಲಿ ವಿಚಾರಣೆ ಬೇರೆ. ಹೀಗಾಗಿ ಅವಳು ಸುಮ್ಮನಾಗುತ್ತಾಳೆ. ಆಮೇಲೆ ನಾವು ಅವಳ ಮೌನವನ್ನು "ಆಸಕ್ತಿ ಇಲ್ಲ" ಎಂದು ಓದುತ್ತೇವೆ.

ಮೂರನೆಯವರು ಅಂಕ ಕಡಿಮೆ ಇರುವವರು, ಬ್ಯಾಕ್‌ಲಾಗ್ ಇರುವವರು. ಅವರಿಗೆ ಈಗ ಹೊಸದೊಂದು ದಾರಿ ಸಿಕ್ಕಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ನಾಚಿಕೆಯಿಲ್ಲದೆ ಕೇಳಬಹುದಾದ ಒಂದು ಜಾಗ ಅವರ ಕೈಗೆ ಬಂತು. ಅದು ಗದರಿಸುವುದಿಲ್ಲ, ನಗುವುದಿಲ್ಲ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಾವು ಗದರಿಸಿ ಓಡಿಸಿದ ಪ್ರಶ್ನೆಗಳು ಅಲ್ಲಿ ಆಶ್ರಯ ಪಡೆದಿವೆ. ಆದರೆ ಅಲ್ಲಿಂದ ಬಂದ ಉತ್ತರವನ್ನು ಹಾಗೇ ಅಸೈನ್‌ಮೆಂಟಿಗೆ ಇಳಿಸಿದರೆ ಅದೂ ಇನ್ನೊಂದು ಫಾರ್ವರ್ಡ್ ಅಷ್ಟೇ. ಉತ್ತರ ಕೊಟ್ಟ ಯಂತ್ರ "ಈಗ ನೀನು ಹೇಳು" ಎಂದು ಎದುರು ಕೂರಬೇಕಾದರೆ ವಿದ್ಯಾರ್ಥಿಯೇ ಅದಕ್ಕೆ ಹೇಳಬೇಕು. ಹಾಗೆ ಹೇಳುವ ಅಭ್ಯಾಸವನ್ನು ಮನುಷ್ಯರಿಂದಲೇ ಕಲಿಯಬೇಕು.

ಪ್ರಸಂಗ ಒಂದೇ, ಅರ್ಥ ಅವರವರದ್ದು

ನಾನು ಹುಟ್ಟಿ ಬೆಳೆದದ್ದು ಕರಾವಳಿಯಲ್ಲಿ. ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಅದಕ್ಕೆ ಅರ್ಥ ಹೇಳುತ್ತಾರೆ. ಕೃಷ್ಣ ಸಂಧಾನದ ಪದ ಎಲ್ಲರಿಗೂ ಒಂದೇ. ಕೌರವ ಏನೆನ್ನುತ್ತಾನೆ, ಕೃಷ್ಣ ಏನೆನ್ನುತ್ತಾನೆ ಎಂಬುದು ಮಾತ್ರ ಆ ರಾತ್ರಿ ಅಲ್ಲೇ ಹುಟ್ಟಬೇಕು. ಎದುರಿನವರ ಮಾತನ್ನು ಕಿವಿಗೊಟ್ಟು ಕೇಳದ ಅರ್ಥಧಾರಿ ಎಷ್ಟು ಓದಿದ್ದರೂ ಸೋಲುತ್ತಾನೆ. ಶಾಲೆ ಮುಗಿಸದವರೂ ಆ ಕಲೆಯಲ್ಲಿ ದೊಡ್ಡ ವಿದ್ವಾಂಸರಾದರು. ಅವರ ವಿಶ್ವವಿದ್ಯಾಲಯ ಅದೇ ಆಗಿತ್ತು.

ನಮ್ಮ ಪಿಡಿಎಫ್ ಪ್ರಸಂಗದ ಪುಸ್ತಕವಿದ್ದಂತೆ. ಅದು ಬೇಕು. ಅದಿಲ್ಲದೆ ಆಟವಿಲ್ಲ. ಆದರೆ ಪ್ರಸಂಗದ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿದರೆ ತಾಳಮದ್ದಳೆ ಆಗುವುದಿಲ್ಲ. ಯಾರಾದರೂ ಅರ್ಥ ಹೇಳಬೇಕು, ಯಾರಾದರೂ ಅದಕ್ಕೆ ಎದುರು ಹೇಳಬೇಕು. ನಮ್ಮ ಭಾಷೆಯಲ್ಲಿ ಕೇಳು ಎಂಬ ಒಂದೇ ಕ್ರಿಯಾಪದ ಪ್ರಶ್ನಿಸುವುದಕ್ಕೂ ಆಲಿಸುವುದಕ್ಕೂ ಸಲ್ಲುತ್ತದೆ. ಎರಡನ್ನೂ ಒಟ್ಟಿಗೆ ಮಾಡುವುದೇ ಕಲಿಕೆ.

ಇದು ಆನ್‌ಲೈನಿನಲ್ಲೂ ಆಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಯಿದೆ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಹತ್ತು ವರ್ಷದ ನಂತರ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಂಡಿದ್ದ ಪದವಿ ವಿದ್ಯಾರ್ಥಿಗಳು ಪಾಠದ ಭಾಗವಾಗಿ ಅದಕ್ಕೆ ಬರೆಯತೊಡಗಿದರು. ವಿಕಿಪೀಡಿಯದಲ್ಲಿ ಪ್ರತಿ ಲೇಖನದ ಬೆನ್ನಿಗೆ ಒಂದು ಚರ್ಚೆಪುಟವಿರುತ್ತದೆ. ನಕಲು ಮಾಡಿದ ಬರಹ ಅಲ್ಲಿ ಉಳಿಯುವುದಿಲ್ಲ. "ಇದಕ್ಕೆ ಆಧಾರ ಎಲ್ಲಿ?" ಎಂದು ಮುಖ ನೋಡದ ಯಾರೋ ಕೇಳುತ್ತಾರೆ, ಬರೆದವರು ಉತ್ತರ ಕೊಡಬೇಕಾಗುತ್ತದೆ. ಅಂಕ ಹಾಕುವ ಒಬ್ಬ ಅಧ್ಯಾಪಕರಿಗೆ ಬರೆಯುವುದಕ್ಕೂ, ಕೇಳುವ ಹಕ್ಕುಳ್ಳ ಒಬ್ಬ ಓದುಗನಿಗೆ ಬರೆಯುವುದಕ್ಕೂ ಇರುವ ಅಂತರ ಅಲ್ಲಿ ತಿಳಿಯುತ್ತದೆ. ಸಾಧನ ಅದೇ ಫೋನು, ಅದೇ ಕಂಪ್ಯೂಟರು. ಬೇರೆಯಾದದ್ದು ಮಾತಿನ ರೀತಿ.

ನಾವು ಮಾಡಬಹುದಾದದ್ದು

ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ. ಸೂಚನೆಗೆ ಒಂದು ಗ್ರೂಪ್ ಇರಲಿ, ಪಾಠಕ್ಕೆ ಬೇರೊಂದು ಇರಲಿ. ಶುಲ್ಕದ ನೋಟಿಸಿನ ಕೆಳಗೆ ಯಾವ ಪ್ರಶ್ನೆಯೂ ಬೇರು ಬಿಡುವುದಿಲ್ಲ. ಪಿಡಿಎಫ್ ಕಳಿಸಿದಾಗಲೆಲ್ಲ ಅದರ ಜೊತೆ ಒಂದು ಪ್ರಶ್ನೆಯನ್ನೂ ಕಳಿಸಿ, ಓದದೆ ಉತ್ತರಿಸಲಾಗದಂಥ ಪ್ರಶ್ನೆ. ಕನ್ನಡದಲ್ಲಿ, ಮನೆಮಾತಿನಲ್ಲಿ, ದನಿಯಲ್ಲಿ ಉತ್ತರ ಬಂದರೆ ಒಪ್ಪಿಕೊಳ್ಳಿ. ತಪ್ಪು ಉತ್ತರವನ್ನು ಎಲ್ಲರ ಮುಂದೆ ತಿದ್ದಬೇಕಾದರೆ ಮೊದಲು ಕೇಳಿದವರಿಗೆ ಧನ್ಯವಾದ ಹೇಳಿ. ರಾತ್ರಿ ಒಂಬತ್ತರ ನಂತರ ಸಂದೇಶ ಹಾಕಬೇಡಿ.

ಕಾಲೇಜುಗಳಲ್ಲಿ ನನ್ನ ವಿನಂತಿ. ಹೆಣ್ಣುಮಕ್ಕಳ ನಂಬರು ಬಯಲಾಗದಂಥ ವ್ಯವಸ್ಥೆಯನ್ನು ಬಳಸಿ. ಅದು ಆಗದಿದ್ದರೆ, ಗ್ರೂಪಿನಿಂದ ನಂಬರು ತೆಗೆದು ತೊಂದರೆ ಕೊಟ್ಟವರ ಮೇಲೆ ಅವತ್ತೇ ಕ್ರಮ ತೆಗೆದುಕೊಳ್ಳಿ. ಮತ್ತೆ ನೋಟಿಸ್ ಬೋರ್ಡಿಗೆ ಕಾಗದ ಅಂಟಿಸಿ. ಫೋನನ್ನು ಒಂದು ದಿನ ಮನೆಯಲ್ಲಿಟ್ಟು ಬಂದ ವಿದ್ಯಾರ್ಥಿಗೂ ಪರೀಕ್ಷೆಯ ದಿನಾಂಕ ತಿಳಿಯಬೇಕು.

ತಂದೆತಾಯಿಗೆ ಒಂದೇ ಮಾತು. "ಎಷ್ಟು ಹೊತ್ತು ಫೋನ್ ನೋಡಿದೆ?" ಎಂದು ಕೇಳುವ ಬದಲು "ಇವತ್ತು ಯಾರಿಗೆ ಏನು ಹೇಳಿಕೊಟ್ಟೆ?" ಎಂದು ಕೇಳಿ.

ಇನ್ನು, ವಿದ್ಯಾರ್ಥಿಗಳೆ. ನಿಮ್ಮ ಫೋನನ್ನು ದೂಷಿಸಲು ನಾನು ಇಲ್ಲಿಗೆ ಬರಲಿಲ್ಲ. ತರಗತಿಯಲ್ಲಿ ಮಾತ್ರ ಅದು ಬ್ಯಾಗಿನೊಳಗಿರಲಿ; ಪಕ್ಕದವರಿಗಾಗಿಯಾದರೂ. ಸಂಜೆ ಅದನ್ನು ಕೈಗೆತ್ತಿಕೊಳ್ಳಿ. ಆ ದಿನದ ಪಾಠದಲ್ಲಿ ಒಂದೇ ಒಂದು ವಿಷಯವನ್ನು, ನೋಟ್ಸ್ ಮುಚ್ಚಿ, ನಿಮ್ಮ ಮನೆಯ ಮಾತಿನಲ್ಲಿ, ಎರಡು ನಿಮಿಷ ಒಬ್ಬ ಗೆಳೆಯನಿಗೆ ಹೇಳಿ. ಮಾತು ಎಲ್ಲಿ ತಡವರಿಸುತ್ತದೋ ಅಲ್ಲಿಗೆ ನಿಮ್ಮ ಓದು ಮರಳಿ ಹೋಗಬೇಕು. ಕೇಳಿಸಿಕೊಂಡವರು ಹೆಬ್ಬೆರಳಿನ ಗುರುತು ಹಾಕಿ ಮುಗಿಸಬೇಡಿ, ತಿರುಗಿ ಒಂದು ಪ್ರಶ್ನೆ ಕೇಳಿ. ಗ್ರೂಪಿನಲ್ಲಿ ಯಾರಾದರೂ ಸಣ್ಣ ಪ್ರಶ್ನೆ ಕೇಳಿದಾಗ ನಗಬೇಡಿ. ಆ ಪ್ರಶ್ನೆ ಇನ್ನೂ ಹತ್ತು ಜನರ ಬಾಯಲ್ಲಿ ನಿಂತಿರುತ್ತದೆ.

ಹಣದುಬ್ಬರದ ಪ್ರಶ್ನೆ ಕೇಳಿ ನನ್ನಿಂದ ಬೈಸಿಕೊಂಡ ಹುಡುಗನಿಗೆ ನಾನು ಆಗ ಉತ್ತರ ಕೊಡಲಿಲ್ಲ. ನಿವೃತ್ತಿಯ ದಿನ ಅವನ ನಂಬರು ಹುಡುಕಿ, ಕ್ಷಮೆ ಕೇಳಿ, ಉತ್ತರವನ್ನು ವಾಯ್ಸ್ ನೋಟಿನಲ್ಲಿ ಕಳಿಸಿದೆ. ಅವನಿಂದ ಬಂದದ್ದು ಇನ್ನೊಂದು ಪ್ರಶ್ನೆ.

ನಿಮ್ಮ ಪ್ರಶ್ನೆಗಳನ್ನು ಕೇಳಿ. ನಾವು ಕೇಳುತ್ತೇವೆ.